ಕಿಡ್ನಿ ಸೋತಾಗ ಸ್ನಾಯು ಸಡಿಲಕ: ಆಯ್ಕೆ ಮತ್ತು ಅಳತೆ

ಕಿಡ್ನಿ ಸೋತ ರೋಗಿಗೆ ಅರಿವಳಿಕೆಯಲ್ಲಿ ಯಾವ ಸ್ನಾಯು ಸಡಿಲಕ ಕೊಡಬೇಕೆಂದು ಕೇಳಿದರೆ ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ತಡವರಿಸದೆ ಅಟ್ರಾಕ್ಯುರಿಯಂ ಎನ್ನುತ್ತಾರೆ. ಉತ್ತರ ಸರಿ, ಆದರೆ ಅರ್ಧ. ಶಸ್ತ್ರಚಿಕಿತ್ಸೆ ಮುಗಿದಾಗ ಸ್ನಾಯುವಿಗೆ ಎಷ್ಟು ಬಲ ಮರಳಿದೆ ಎಂದು ಅಳೆದು ನೋಡಿದಾಗಲೇ ಅದು ಪೂರ್ತಿಯಾಗುತ್ತದೆ ಎಂಬುದು ನನ್ನ ವಾದ.

ಔಷಧದ ಹೆಸರಿಗೆ ಇಷ್ಟು ತೂಕ ಬಂದದ್ದಕ್ಕೆ ಕಾರಣವಿದೆ. 1942ರಲ್ಲಿ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಕ್ಯುರಾರೆ ಎಂಬ ಸಡಿಲಕವನ್ನು ಅರಿವಳಿಕೆಗೆ ತಂದರು. ಅದರ ಬೆನ್ನಿಗೆ ಬಂದ ಗ್ಯಾಲಮೈನ್ ಹೆಚ್ಚುಕಡಿಮೆ ಪೂರ್ತಿಯಾಗಿ ಮೂತ್ರದಲ್ಲೇ ಹೊರಹೋಗಬೇಕು. ಪ್ಯಾಂಕ್ಯುರೋನಿಯಂನ ಬಹುಪಾಲೂ ಹಾಗೆಯೇ. ವೆಕ್ಯುರೋನಿಯಂ ಯಕೃತ್ತಿನ ದಾರಿ ಹಿಡಿದರೂ ಅದು ಒಡೆದು ಬರುವ ವಸ್ತುವಿಗೆ ಸಡಿಲಿಸುವ ಗುಣ ಉಳಿದಿರುತ್ತದೆ, ಕಿಡ್ನಿ ಕೆಟ್ಟಾಗ ಅದು ಮೈಯಲ್ಲಿ ಕೂಡಿಕೊಳ್ಳುತ್ತದೆ. ಸ್ಕಾಟ್ಲೆಂಡಿನ ಸ್ಟ್ರಾಥ್‌ಕ್ಲೈಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಸ್ಟೆನ್‌ಲೇಕ್ ಅವರ ತಂಡ ರೂಪಿಸಿದ ಅಟ್ರಾಕ್ಯುರಿಯಂ ಈ ಹಂಗನ್ನೇ ಕಳಚಿತು. ಮೈಯ ಬಿಸುಪು ಮತ್ತು ರಕ್ತದ ಕ್ಷಾರಗುಣ ಸಾಕು, ಅದು ತಾನಾಗಿ ಒಡೆಯುತ್ತದೆ. ಹಾಫ್‌ಮನ್ ವಿಘಟನೆ ಎಂಬುದು ಇದೇ. ಇದರದೇ ಒಂದು ಸಮಾಂಗಿ ಸಿಸ್‌ಅಟ್ರಾಕ್ಯುರಿಯಂ.

ತಾನಾಗಿ ಒಡೆಯುವುದನ್ನು ಅಳೆಯುವುದೇಕೆ ಎಂಬ ಆಕ್ಷೇಪ ಸಹಜ. ಆದರೆ ಆ ಒಡೆಯುವಿಕೆ ಬಿಸುಪನ್ನೂ ಆಮ್ಲ-ಕ್ಷಾರ ಸ್ಥಿತಿಯನ್ನೂ ನೆಚ್ಚಿದೆ; ಕಿಡ್ನಿ ರೋಗಿಯ ರಕ್ತ ಆಮ್ಲದ ಕಡೆಗೆ ವಾಲಿರುತ್ತದೆ, ತಣ್ಣನೆಯ ಆಪರೇಷನ್ ಥಿಯೇಟರಿನಲ್ಲಿ ಮೈ ಆರುತ್ತದೆ. ಕೊನೆಯ ಡೋಸ್ ಯಾವಾಗ ಬಿತ್ತು ಎಂಬುದಂತೂ ಯಾವ ಔಷಧಕ್ಕೂ ತಪ್ಪದ ಪ್ರಶ್ನೆ. ಅಲ್ನಾರ್ ನರಕ್ಕೆ ಎರಡು ಸೆಕೆಂಡಿನೊಳಗೆ ನಾಲ್ಕು ಸಣ್ಣ ವಿದ್ಯುತ್ ತಟ್ಟುಗಳನ್ನು ಕೊಟ್ಟರೆ ಹೆಬ್ಬೆರಳು ನಾಲ್ಕು ಸಲ ಮಿಡಿಯುತ್ತದೆ. ನಾಲ್ಕನೆಯ ಮಿಡಿತ ಮೊದಲನೆಯದರ 0.9 ಪಾಲಿಗಿಂತ ಕಡಿಮೆಯಿದ್ದರೆ ಗಂಟಲಿನ ಸ್ನಾಯು ಇನ್ನೂ ಎಚ್ಚೆತ್ತಿಲ್ಲ; ಜೊಲ್ಲು ಶ್ವಾಸನಾಳಕ್ಕೆ ಇಳಿಯಬಹುದು. ಅನುಭವಿಗಳ ಕೈ ಸಾಲದೇ ಎನ್ನುವವರಿಗೆ ಹೇಳಬೇಕಾದ್ದು ಇಷ್ಟೆ: ಈ ಪ್ರಮಾಣ 0.4 ದಾಟಿತೆಂದರೆ ಮಿಡಿತ ಕುಗ್ಗುವುದು ಎಂಥ ಪಳಗಿದ ಬೆರಳಿಗೂ ಸರಿಯಾಗಿ ತಿಳಿಯದು. 0.4ರಿಂದ 0.9ರವರೆಗಿನ ಆ ಕುರುಡು ಹಾದಿಯಲ್ಲಿ ಯಂತ್ರವೊಂದೇ ಕಣ್ಣು.

ಸಕ್ಸಮೆಥೋನಿಯಂ ಎಂಬ ಸಡಿಲಕ ಕಿಡ್ನಿ ರೋಗಿಗೆ ನಿಷಿದ್ಧ ಎಂಬ ನಂಬಿಕೆಯೂ ಹೆಸರನ್ನಷ್ಟೇ ನೋಡುವ ಅಭ್ಯಾಸದಿಂದ ಹುಟ್ಟಿದ್ದು. ಅದು ರಕ್ತದ ಪೊಟ್ಯಾಸಿಯಂ ಅನ್ನು ಲೀಟರಿಗೆ ಸುಮಾರು 0.5 ಮಿಲಿಮೋಲ್ ಏರಿಸುತ್ತದೆ, ಆರೋಗ್ಯವಂತರಲ್ಲೂ ಅಷ್ಟೆ. ಕೊಡುವ ಮೊದಲೇ ಪೊಟ್ಯಾಸಿಯಂ ಎಷ್ಟಿತ್ತು ಎಂಬುದೇ ಅಪಾಯವನ್ನು ತೀರ್ಮಾನಿಸುತ್ತದೆ. ಅಲ್ಲಿಯೂ ಅಳತೆಯೇ.

ಸಡಿಲಿಕೆಯನ್ನು ಹಿಂತೆಗೆಯುವ ಸುಗಮಡೆಕ್ಸ್ ಬಂದ ಮೇಲೆ ಈ ಚರ್ಚೆ ಮುಗಿಯಿತು ಎನ್ನುವವರೂ ಇದ್ದಾರೆ. ರೋಕ್ಯುರೋನಿಯಂ ಎಂಬ ಸಡಿಲಕವನ್ನು ಅದು ಬಿಗಿದು ಹಿಡಿಯುವುದು ನಿಜ, ಕಿಡ್ನಿ ರೋಗಿಗಳಲ್ಲೂ ಹಿಡಿಯುತ್ತದೆ. ಆದರೆ ಆ ಜೋಡಿ ಹೊರಬೀಳಬೇಕಾದ್ದು ಮೂತ್ರದಲ್ಲಿಯೇ. ಕ್ರಿಯಾಟಿನಿನ್ ಕ್ಲಿಯರೆನ್ಸ್ ನಿಮಿಷಕ್ಕೆ 30 ಮಿಲಿಲೀಟರಿಗಿಂತ ಕಡಿಮೆಯಿದ್ದರೆ ಅಮೆರಿಕದ ಔಷಧಪತ್ರ ಅದನ್ನು ಶಿಫಾರಸು ಮಾಡುವುದಿಲ್ಲ. ಅದೇ ಕೆಲಸದ ಹಳೆಯ ಔಷಧ ನಿಯೋಸ್ಟಿಗ್ಮಿನ್ ಇಲ್ಲಿ ಒಂದು ರೀತಿಯಲ್ಲಿ ನೆರವಿಗೆ ಬರುತ್ತದೆ: ಅದರ ಅರ್ಧದಷ್ಟು ಭಾಗ ಕಿಡ್ನಿಯಿಂದ ಹೋಗಬೇಕಾದ್ದರಿಂದ ಸಡಿಲಕದ ಜೊತೆ ಅದೂ ಹೆಚ್ಚು ಹೊತ್ತು ನಿಲ್ಲುತ್ತದೆ. ಆದರೂ ತೀರ ಸಡಿಲವಾದ ಸ್ನಾಯುವನ್ನು ಎತ್ತುವ ಶಕ್ತಿ ಅದಕ್ಕಿಲ್ಲ. ಎಷ್ಟು ಸಡಿಲವಿದೆ ಎಂದು ತಿಳಿದೇ ಕೊಡಬೇಕು.

ಆದ್ದರಿಂದ ಈ ಸಭೆಯಲ್ಲಿರುವ ಕಿರಿಯ ವೈದ್ಯರಲ್ಲಿ ನನ್ನ ಕೋರಿಕೆ: ಡಯಾಲಿಸಿಸ್‌ನ ಫಿಸ್ಟುಲಾ ಇಲ್ಲದ ಕೈಗೆ ಎಲೆಕ್ಟ್ರೋಡ್ ಅಂಟಿಸಿ, ಸಡಿಲಕ ಕೊಡುವ ಮೊದಲೇ ಒಮ್ಮೆ ಅಳೆದಿಟ್ಟುಕೊಳ್ಳಿ, ಮತ್ತು ಪರದೆಯ ಮೇಲೆ 0.9 ಕಾಣುವವರೆಗೆ ಶ್ವಾಸನಾಳದ ಕೊಳವೆಯನ್ನು ತೆಗೆಯಬೇಡಿ.