ತಿದ್ದಿದವನದೇ ಹೊಣೆ



ಪಠ್ಯಪುಸ್ತಕದಲ್ಲಿ ಅಚ್ಚಿನ ತಪ್ಪು ಕಂಡರೆ ನಾವು ಶಿಕ್ಷಕರು ಪೆನ್ಸಿಲಿನಿಂದ ತಿದ್ದಿಕೊಳ್ಳುತ್ತೇವೆ. ಮುಂದಿನ ವರ್ಷ ಹೊಸ ಪ್ರತಿ ಬರುತ್ತದೆ. ತಪ್ಪು ಅಲ್ಲೇ ಇರುತ್ತದೆ, ನಮ್ಮ ತಿದ್ದುಪಡಿ ಹಳೆಯ ಪ್ರತಿಯೊಂದಿಗೆ ಹೋಗಿರುತ್ತದೆ. ಲಿನಕ್ಸ್ ಬಳಸುವವರ ಪಾಡೂ ಇದೇ. ಅಲ್ಲಿ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿರುವುದರಿಂದ ಯಾರು ಬೇಕಾದರೂ ತಮಗೆ ಬೇಕಾದಂತೆ ತಿದ್ದಬಹುದು. ಆ ತಿದ್ದುಪಡಿಯ ಕಡತಕ್ಕೆ ಪ್ಯಾಚ್ ಎನ್ನುತ್ತಾರೆ. ತಿದ್ದುವುದು ಒಂದು ಸಂಜೆಯ ಕೆಲಸ. ಅದನ್ನು ಉಳಿಸಿಕೊಳ್ಳುವುದು ವರ್ಷಗಳ ಕೆಲಸ.

ಲಿನಕ್ಸಿನ ಪ್ರಸಿದ್ಧ ರೂಪವಾದ ಡೆಬಿಯನ್ನಿನಲ್ಲಿ ನೀವು 1.2-3 ಆವೃತ್ತಿಯ ಪ್ಯಾಕೇಜೊಂದನ್ನು ತಿದ್ದಿ, 1.2-3+ಲೋಕಲ್1 ಎಂದು ಹೆಸರಿಟ್ಟಿರಿ ಎನ್ನೋಣ. ಮುಂದೆ 1.2-4 ಬಂದಾಗ ಅದೇ ಹೊಸದೆಂದು ಲೆಕ್ಕ ಹಾಕಿ, ಅಪ್‌ಡೇಟ್ ನಿಮ್ಮದನ್ನು ತೆಗೆದು ಅದನ್ನು ಕೂರಿಸುತ್ತದೆ. ಎಪಿಟಿ-ಮಾರ್ಕ್ ಹೋಲ್ಡ್ ಎಂಬ ಆಜ್ಞೆಯಿಂದ ಇದನ್ನು ತಡೆಯಬಹುದು. ಬಹಳ ಜನ ಇಷ್ಟಕ್ಕೇ ನಿಲ್ಲುತ್ತಾರೆ. ಆದರೆ ಆಗ ಭದ್ರತೆಯ ದುರಸ್ತಿಗಳೂ ಬಾಗಿಲ ಹೊರಗೇ ಉಳಿಯುತ್ತವೆ. ಪ್ಯಾಚನ್ನು ಬೇರೆ ಕಡತವಾಗಿಟ್ಟು, ಏಕೆ ತಿದ್ದಿದೆವೆಂದು ಅದರ ಮೊದಲಲ್ಲೇ ಬರೆದು, ಪ್ರತಿ ಹೊಸ ಆವೃತ್ತಿಗೂ ಮತ್ತೆ ಹಚ್ಚಿ ಪರೀಕ್ಷಿಸಬೇಕು. ಬೇಸರದ ಕೆಲಸ, ಒಪ್ಪುತ್ತೇನೆ. ಎಲ್ಲರಿಗೂ ಉಪಯೋಗವಾಗುವ ತಿದ್ದುಪಡಿಯಾದರೆ ಮೂಲ ತಂಡಕ್ಕೇ ಕಳಿಸಿ. ಅವರು ಸ್ವೀಕರಿಸಿದರೆ ಮತ್ತೆ ಹಚ್ಚುವ ಗೋಜಿಲ್ಲ.

ಪಳಗಿದವರೂ ಇಲ್ಲಿ ಎಡವಿದ್ದಾರೆ. ಓಪನ್‌ಎಸ್‌ಎಸ್‌ಎಲ್ ಎಂಬುದು ಗುಪ್ತ ಸಂವಹನಕ್ಕೆ ಬೇಕಾದ ಕೀಲಿಗಳನ್ನು ತಯಾರಿಸುವ ತಂತ್ರಾಂಶ. ದೋಷ ಹುಡುಕುವ ಸಾಧನವೊಂದು ಅದರ ಬಗ್ಗೆ ಎಚ್ಚರಿಕೆ ತೋರಿಸುತ್ತಿತ್ತೆಂದು 2006ರಲ್ಲಿ ಡೆಬಿಯನ್ನಿನಲ್ಲಿ ಎರಡು ಸಾಲುಗಳನ್ನು ತೆಗೆದುಹಾಕಲಾಯಿತು. ಮೂಲ ತಂಡದವರನ್ನು ಕೇಳಿದ್ದೂ ಉಂಟು, ಯಾರೂ ಗಟ್ಟಿಯಾಗಿ ಬೇಡವೆನ್ನಲಿಲ್ಲ. ಆದರೆ ಕೀಲಿಯನ್ನು ಊಹಿಸಲಾಗದಂತೆ ಮಾಡುತ್ತಿದ್ದುದೇ ಅದರಲ್ಲೊಂದು ಸಾಲು! ಆಮೇಲೆ ಒಂದೊಂದು ಬಗೆಯ, ಒಂದೊಂದು ಅಳತೆಯ ಕೀಲಿಗೆ ಸುಮಾರು 32,768 ಸಾಧ್ಯತೆಗಳಷ್ಟೇ ಉಳಿದವು. ಗಣಕಕ್ಕೆ ಅಷ್ಟನ್ನು ಎಣಿಸುವುದು ಎಷ್ಟರ ಮಾತು? 2008ರ ಮೇ ತಿಂಗಳಲ್ಲಿ ಲೂಸಿಯಾನೊ ಬೆಲ್ಲೊ ಇದನ್ನು ಪತ್ತೆಹಚ್ಚುವವರೆಗೆ ಉಬುಂಟು ಬಳಸುವವರೂ ಅದೇ ದುರ್ಬಲ ಕೀಲಿಗಳನ್ನು ನಂಬಿ ಕುಳಿತಿದ್ದರು. ಪ್ಯಾಕೇಜನ್ನು ಸರಿಪಡಿಸಿದರೆ ಸಾಲದಾಯಿತು, ಅಲ್ಲಿಯವರೆಗೆ ಮಾಡಿದ ಕೀಲಿಗಳನ್ನೆಲ್ಲ ಎಸೆದು ಹೊಸದಾಗಿ ಮಾಡಬೇಕಾಯಿತು.

ಇಷ್ಟು ದೂರದ ಕಥೆ ಏಕೆ ಹೇಳಿದೆನೆಂದರೆ, ನಮ್ಮ ಗಣಕ ಕೊಠಡಿಯಲ್ಲೂ ಹಳೆಯ ವಿದ್ಯಾರ್ಥಿಯೊಬ್ಬ ತಿದ್ದಿಟ್ಟು ಹೋದ ಪ್ಯಾಕೇಜೊಂದಿದೆ. ತೆಗೆಯಲು ಭಯ, ಇಟ್ಟುಕೊಳ್ಳಲೂ ಭಯ. ಏಕೆ ತಿದ್ದಿದೆಯಪ್ಪಾ ಎಂದು ಮೊನ್ನೆ ಫೋನ್ ಮಾಡಿ ಕೇಳಿದೆ. "ಸರ್, ನನಗೂ ಮರೆತುಹೋಗಿದೆ" ಎಂದ.