ಮೋರಿಯ ಅಂಚಿನ ಕಲ್ಲು
(ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯ ಹನ್ನೂರದಲ್ಲಿ ಸೇರಿದ ಗ್ರಾಮೀಣ ರಸ್ತೆ ಸುರಕ್ಷತಾ ಸಮಾವೇಶದ ಅಧ್ಯಕ್ಷ ಭಾಷಣ)



ನಮ್ಮ ಕಡೆ ಅಧ್ಯಕ್ಷರ ಕುರ್ಚಿ ಎಂದರೆ ಕವಿಗಳದ್ದು, ಸ್ವಾಮಿಗಳದ್ದು. ಅದರ ಮೇಲೆ ಖಡಿ ಅಳೆದು, ಡಾಂಬರು ಸುರಿಸಿ, ನಿವೃತ್ತನಾದವನನ್ನು ಕೂರಿಸಿದ್ದೀರಿ. ಮೊದಲು ಸಂಕೋಚವಾಯಿತು. ಆಮೇಲೆ ನೆನಪಾಯಿತು: ಸೊನ್ನಲಿಗೆಯ, ಅಂದರೆ ಇಂದಿನ ಸೋಲಾಪುರದ, ಸಿದ್ಧರಾಮ ಯಾರು? ಕೆರೆ ತೋಡಿಸಿದವನು. ಮಣ್ಣು ಹೊರುವವರ ನಡುವೆ ನಿಂತವನು. ಅಲ್ಲಮಪ್ರಭು ಅವನನ್ನು ಹುಡುಕಿಕೊಂಡು ಬಂದು ‘ಒಡ್ಡರಾಮ’ ಎಂದು ಕರೆದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಅಲ್ಲಮ ಅದನ್ನು ಚುಚ್ಚುಮಾತಾಗಿ ಆಡಿದ. ಆದರೆ ನನ್ನಂಥ ರಸ್ತೆ ಕೆಲಸದವನಿಗೆ ಆ ಹೆಸರಿಗಿಂತ ದೊಡ್ಡ ಪದವಿ ಇನ್ನೊಂದಿಲ್ಲ. ಎಂಟುನೂರು ವರ್ಷ ದಾಟಿದರೂ ಕೆರೆ ಸೋಲಾಪುರದ ನಡುವೆ ಇನ್ನೂ ಇದೆ. ನಮ್ಮ ಮೋರಿಗಳು ಎಂಟು ವರ್ಷ ತಾಳಿದರೆ ಶಾಲು ಹೊದಿಸುತ್ತೇವೆ.

ನಮ್ಮ ತಾಲೂಕಿನ ಎಷ್ಟೋ ರಸ್ತೆಗಳು ಹುಟ್ಟಿದ್ದು ಹಸಿವಿನಲ್ಲಿ. 1972ರ ಬರ ಇಲ್ಲಿ ಕೂತ ಅಜ್ಜಂದಿರಿಗೆ ನೆನಪಿದೆ. ಊರಿಗೆ ಊರೇ ಖಡಿ ಒಡೆಯಲು ಹೋಗಿತ್ತು. ಕೆಲಸದ ಜಾಗದಲ್ಲಿ ಸುಕಡಿ ಎಂಬ ಪುಷ್ಟಿಯ ತಿಂಡಿ ಹಂಚುತ್ತಿದ್ದರು. ನನ್ನ ತಾಯಿ ಒಡೆದ ಖಡಿಯ ಗುಂಪಿಗೆ ಸುಣ್ಣದ ಗೆರೆ ಎಳೆದು ಬರುತ್ತಿದ್ದಳು, ರಾತ್ರಿ ಯಾರೂ ಕದಿಯಬಾರದೆಂದು. ವಿ.ಸ. ಪಾಗೆಯವರು ರೂಪಿಸಿದ ರೋಜಗಾರ ಹಮಿ (ಉದ್ಯೋಗ ಖಾತ್ರಿ) ಯೋಜನೆಗೆ 1977ರಲ್ಲಿ ಕಾಯ್ದೆಯ ಬಲ ಬಂತು, 1979ರ ಜನವರಿ 26ರಿಂದ ಅದು ಜಾರಿಯಾಯಿತು. ಕೈಗೆ ಕೆಲಸ, ಹೊಟ್ಟೆಗೆ ಜೋಳ ಸಿಕ್ಕಿತು. ಜೊತೆಗೆ ರಸ್ತೆಯೂ ಆಯಿತು. ಆದರೆ ಆ ರಸ್ತೆ ಎತ್ತಿನ ಬಂಡಿಯ ಲೆಕ್ಕದ್ದು. ಯಾರ ಹೊಲ ಉಳಿಯಬೇಕೋ ಅಲ್ಲಿ ತಿರುವು, ಎಲ್ಲಿ ಹಳ್ಳ ಕಿರಿದೋ ಅಲ್ಲಿ ದಾಟು. ಅದೇ ತಿರುವಿನ ಮೇಲೆ ಮುಂದೆ ಡಾಂಬರು ಬಿತ್ತು. ಈಗ ಅದೇ ತಿರುವಿನಲ್ಲಿ ಎರಡು ಟ್ರಾಲಿ ಕಟ್ಟಿದ ಕಬ್ಬಿನ ಟ್ರ್ಯಾಕ್ಟರ್ ಹೊರಳುತ್ತದೆ.

ಇನ್ನು ಈ ರಸ್ತೆ ಯಾರದ್ದು? 1943ರ ನಾಗಪುರ ಯೋಜನೆಯಿಂದ ನಮ್ಮ ರಸ್ತೆಗಳಿಗೆ ಜಾತಿ ಬಂತು. ಮಹಾರಾಷ್ಟ್ರದ ಕಡತದಲ್ಲಿ ಅವು ರಾಮಾ, ಪ್ರಜಿಮಾ, ಇಜಿಮಾ, ಗ್ರಾಮಾ. ರಾಜ್ಯ ಮಾರ್ಗ, ಪ್ರಮುಖ ಜಿಲ್ಲಾ ಮಾರ್ಗಗಳು ಲೋಕೋಪಯೋಗಿಯ ಪಾಲು. ಇತರ ಜಿಲ್ಲಾ ಮಾರ್ಗ, ಗ್ರಾಮೀಣ ಮಾರ್ಗಗಳು 1962ರಲ್ಲಿ ಹುಟ್ಟಿದ ಜಿಲ್ಲಾ ಪರಿಷತ್ತಿನ ಪಾಲು. ಹೊಲಕ್ಕೆ ಹೋಗುವ ದಾರಿ, ಪಾಣಂದಿ, ಯಾರ ಪಾಲೂ ಅಲ್ಲ. ಅದು ಜಗಳದ ಪಾಲು. 2000ದ ಡಿಸೆಂಬರ್ 25ರಂದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬಂದಾಗ ಒಂದು ಒಳ್ಳೆಯ ಪದ್ಧತಿ ತಂದಿತು: ರಸ್ತೆ ಕಟ್ಟಿದ ಗುತ್ತಿಗೆದಾರನೇ ಐದು ವರ್ಷ ಅದನ್ನು ನೋಡಿಕೊಳ್ಳಬೇಕು. ಆರನೆಯ ವರ್ಷದಿಂದ? ಹಳದಿ ಫಲಕ ಮಾತ್ರ ನಿಂತಿರುತ್ತದೆ, ಎಮ್ಮೆ ಮೈ ತಿಕ್ಕಲು.

2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಸತ್ತದ್ದು ಗ್ರಾಮೀಣ ಪ್ರದೇಶದಲ್ಲಿ. ಹಳ್ಳಿಯ ಪಕ್ಕ ಹಾಯುವ ಹೆದ್ದಾರಿಗಳೂ ಇದರಲ್ಲಿ ಸೇರಿವೆ, ನಿಜ. ಆದರೂ ಅಪಘಾತವೆಂದರೆ ಪುಣೆ, ಮುಂಬಯಿಯ ಮಾತು ಎಂದು ತಿಳಿದಿರುವವರು ಈ ಲೆಕ್ಕ ನೋಡಬೇಕು. ಸತ್ತವರಲ್ಲಿ ನೂರಕ್ಕೆ ನಲವತ್ನಾಲ್ಕಕ್ಕೂ ಹೆಚ್ಚು ಜನ ಎರಡು ಗಾಲಿಯ ಗಾಡಿಯವರು.

ಈಗ ನನ್ನ ತಪ್ಪೊಪ್ಪಿಗೆ. ಊರ ಹೆಸರು, ಕಚೇರಿಯ ಹೆಸರು ಬೇಡ, ತಪ್ಪು ನನ್ನದೇ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ನನ್ನ ಸುಪರ್ದಿಯಲ್ಲಿದ್ದ ರಸ್ತೆಯೊಂದರ ಸಣ್ಣ ಮೋರಿಯ ಮೇಲೆ ಅಂಚಿನ ಕಲ್ಲು ಎರಡು ಬಿದ್ದಿದ್ದವು. ರಜಿಸ್ಟರಿನಲ್ಲಿ ಬರೆದೆ: ‘ಎಡಬದಿಯ ಎರಡು ಕಲ್ಲು ಇಲ್ಲ.’ ಮರುವರ್ಷ ಹಿಂದಿನ ಪುಟ ನೋಡಿ ಅದನ್ನೇ ಇಳಿಸಿಕೊಂಡೆ. ಮೂರನೆಯ ವರ್ಷವೂ ಅದೇ ಸಾಲು, ಅದೇ ಅಕ್ಷರ. ಎರಡು ಕಲ್ಲಿನ ಬೆಲೆ ಆಗ ನನ್ನ ಒಂದು ದಿನದ ಪಗಾರಿನಷ್ಟೂ ಇರಲಿಲ್ಲ. ಆದರೆ ಅಷ್ಟು ಸಣ್ಣ ಕೆಲಸಕ್ಕೆ ಅಂದಾಜುಪಟ್ಟಿ ಯಾರು ಮಾಡುತ್ತಾರೆ? ಟೆಂಡರ್ ಯಾರು ಕರೆಯುತ್ತಾರೆ? ದೊಡ್ಡ ಕೆಲಸ ಬಂದಾಗ ಅದರಲ್ಲಿ ಸೇರಿಸೋಣ ಎಂದುಕೊಂಡೆ. ಒಂದು ನಸುಕಿನಲ್ಲಿ ಹಾಲಿನವನೊಬ್ಬ ಸೈಕಲ್ಲಿನ ಎರಡೂ ಬದಿಗೆ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ. ಎದುರಿನಿಂದ ಲಾರಿಯ ದೀಪ ಕಣ್ಣಿಗೆ ಹೊಡೆಯಿತು. ಪಕ್ಕಕ್ಕೆ ಸರಿದ. ಕಲ್ಲು ಇರಬೇಕಾದಲ್ಲಿ ಕಲ್ಲು ಇರಲಿಲ್ಲ. ಬೆಳಕು ಹರಿಯುವವರೆಗೆ ಹಳ್ಳದಲ್ಲಿ ಬಿದ್ದಿದ್ದ. ಕಾಲು ಕೂಡಿತು, ಆದರೆ ನೆಟ್ಟಗೆ ಕೂಡಲಿಲ್ಲ.

ಎರಡು ತಿಂಗಳ ಮೇಲೆ ಸಂತೆಯಲ್ಲಿ ಸಿಕ್ಕ. ಬೈಯುತ್ತಾನೆಂದು ತಲೆ ತಗ್ಗಿಸಿದೆ. ಅವನು ಕೇಳಿದ್ದು ಒಂದೇ: “ಸಾಹೇಬ್ರ, ಆ ಕಲ್ಲು ಹಚ್ಚಿದ್ರೇನ್ರೀ?” ಹಚ್ಚಿರಲಿಲ್ಲ.

ಆ ದಿನ ತಿಳಿದದ್ದನ್ನೇ ಇಂದು ಹೇಳಲು ಬಂದಿದ್ದೇನೆ. ನಮ್ಮ ರಸ್ತೆಗಳಿಗೆ ಕೊರತೆಯಿರುವುದು ಬರೀ ಹಣದ್ದಲ್ಲ, ದಿನಾ ನಡೆದು ನೋಡುವ ಮನುಷ್ಯನದ್ದು. ಮೊದಲು ಅಂಥವನೊಬ್ಬ ಇದ್ದ. ಅವನಿಗೆ ಮೈಲಕೂಲಿ ಎನ್ನುತ್ತಿದ್ದೆವು. ಕೈಯಲ್ಲಿ ಸಲಿಕೆ, ಹೆಗಲ ಮೇಲೆ ಬುಟ್ಟಿ. ಅವನ ಪಾಲಿನ ರಸ್ತೆ ಅವನದು. ಎಲ್ಲಿ ನೀರು ನಿಲ್ಲುತ್ತದೆ, ಯಾವ ಮೋರಿಯ ಬಾಯಿಗೆ ಕಸ ಕಟ್ಟುತ್ತದೆ, ಯಾರು ರಾತ್ರಿ ಗಟಾರ ಮುಚ್ಚಿ ಹೊಲ ಹಿಗ್ಗಿಸಿಕೊಂಡರು, ಎಲ್ಲ ಅವನಿಗೆ ಗೊತ್ತು. ಅವರು ಒಬ್ಬೊಬ್ಬರೇ ನಿವೃತ್ತರಾದರು, ಜಾಗ ತುಂಬಲಿಲ್ಲ. ಅವರ ಬದಲು ಬಂದದ್ದು ಯೋಜನೆಗಳು. ಯೋಜನೆಗೆ ಕಾಲಿಲ್ಲ, ನಡೆದು ನೋಡಲು.

ನಮ್ಮದು ಎರಿ ಭೂಮಿ. ಬೇಸಿಗೆಯಲ್ಲಿ ಬಿರುಕಿನೊಳಗೆ ಕೈ ಹೋಗುತ್ತದೆ, ಮಳೆಗಾಲದಲ್ಲಿ ಅದೇ ಮಣ್ಣು ಉಬ್ಬುತ್ತದೆ. ಅದರ ಮೇಲಿನ ರಸ್ತೆ ಒಡೆಯುವುದು ನಡುವಿನಿಂದಲ್ಲ, ಅಂಚಿನಿಂದ. ಏಕೆಂದರೆ ನೀರು ಒಳಹೋಗುವುದು ಅಲ್ಲಿಂದ. ಕೆಳಗೆ ಗರಸು ಚೆನ್ನಾಗಿ ಕುಟ್ಟಿ, ಬದಿಯ ಗಟಾರ ತೆರೆದಿದ್ದರೆ ಅರ್ಧ ರೋಗ ವಾಸಿ. ನಾವು ಮಾಡುವುದೇನು? ಗಟಾರ ಮುಚ್ಚಿದ್ದನ್ನು ಬಿಟ್ಟು ಮೇಲೆ ಡಾಂಬರು ಎಳೆಯುತ್ತೇವೆ. ಪ್ರತಿ ಸಲ ರಸ್ತೆ ಎರಡು ಬೆರಳು ಏರುತ್ತದೆ, ಸೈಡಪಟ್ಟಿ ಇದ್ದಲ್ಲೇ ಇರುತ್ತದೆ. ಮೂರು ಸಲ ಎಳೆದ ಮೇಲೆ ಅಂಚು ಅರ್ಧ ಗೇಣಿನಷ್ಟು ಕಡಿದು ನಿಂತಿರುತ್ತದೆ. ಎದುರಿನ ಬಸ್ಸಿಗೆ ದಾರಿ ಬಿಡಲು ಕೆಳಗಿಳಿದ ಬೈಕು ಮೇಲೆ ಹತ್ತುವಾಗ ಮುಂದಿನ ಗಾಲಿ ಜಾರುತ್ತದೆ. ಪೊಲೀಸರ ಕಾಗದದಲ್ಲಿ ‘ಚಾಲಕನ ನಿರ್ಲಕ್ಷ್ಯ’ ಎಂದು ಬರುತ್ತದೆ. ನಾಲ್ಕು ಟ್ರಾಲಿ ಗರಸು ಹಾಕದವರ ನಿರ್ಲಕ್ಷ್ಯ ಯಾವ ಕಾಗದದಲ್ಲೂ ಬರುವುದಿಲ್ಲ.

ಸೇತುವೆಗಳ ಮಾತಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ತಾಳಿಕೊಳ್ಳಿ.

2020ರ ಅಕ್ಟೋಬರ್ 14, ಚಿತ್ತಿ ಮಳೆ. ಕುರನೂರ ಆಣೆಕಟ್ಟು ತುಂಬಿ ಬೋರಿ ನದಿ ಏನು ಮಾಡಿತೆಂದು ನಿಮಗೆ ನಾನು ಹೇಳಬೇಕಿಲ್ಲ. ಐದು ದಿನದ ಮೇಲೆ ಮುಖ್ಯಮಂತ್ರಿ ಉದ್ಧವ್ ಠಾಕ್ರೆ ಸಾಂಗವಿ ಖುರ್ದಕ್ಕೆ ಬಂದು ನೋಡಿಹೋದರು. ಮತ್ತೆ 2025ರ ಸೆಪ್ಟೆಂಬರ್, ಉತ್ತರಿ ಮಳೆ. ಸೀನಾ ನದಿ ಉಕ್ಕಿ ಸೋಲಾಪುರ–ವಿಜಯಪುರ ಹೆದ್ದಾರಿಯೇ ಬಂದ್ ಆಯಿತು. ಹೆದ್ದಾರಿ ಬಂದ್ ಆದರೆ ಟಿವಿಯವರು ಬರುತ್ತಾರೆ. ಹಳ್ಳದ ಮೇಲಿನ ನಮ್ಮ ಫರಶಿ ಪೂಲ್ ಮುಳುಗಿದರೆ ಯಾರು ಬರುತ್ತಾರೆ? ಅದು ಮುಳುಗಲೆಂದೇ ಕಟ್ಟಿದ್ದು, ಅದರಲ್ಲಿ ತಪ್ಪಿಲ್ಲ. ತಪ್ಪು ಇರುವುದು ಎಷ್ಟು ಮುಳುಗಿದೆಯೆಂದು ತಿಳಿಯದಿರುವುದರಲ್ಲಿ. ಹರಿಯುವ ನೀರು ಒಂದು ಅಡಿ ಇದ್ದರೆ ಸಣ್ಣ ಕಾರು ತೇಲತೊಡಗುತ್ತದೆ, ಎರಡು ಅಡಿಗೆ ದೊಡ್ಡ ಗಾಡಿಯೂ ಹೋಗುತ್ತದೆ. “ನಮ್ಮ ಹಳ್ಳ ನಮಗ ಗೊತ್ತಿಲ್ಲೇನು” ಎನ್ನುವವನೇ ಮೊದಲು ಕೊಚ್ಚಿ ಹೋಗುತ್ತಾನೆ. ಪೂಲಿನ ಎರಡೂ ತುದಿಗೆ ಅಡಿ ಗುರುತು ಹಾಕಿದ ಕಂಬ, ಕೆಂಪು ಗೆರೆ ಮುಟ್ಟಿದರೆ ಅಡ್ಡಗಟ್ಟಲು ಒಂದು ಬಿದಿರು. ಇದಕ್ಕೆ ಮುಂಬಯಿಯ ಮಂಜೂರಾತಿ ಬೇಕೇ?

ಭೀಮೆಯ ದಂಡೆಗೆ ಹೋದರೆ ಬಾಂದಾರಗಳಿವೆ. ಹಿಂಗಣಿ–ಆಳಗಿ, ಉಮರಾಣಿ–ಲವಂಗಿ. ನೀರು ನಿಲ್ಲಿಸುವುದು ಅವುಗಳ ಮೊದಲ ಕೆಲಸ. ಆದರೆ ಆಚೆ ಕರ್ನಾಟಕದಲ್ಲಿ ಬೀಗರು, ಈಚೆ ಮಹಾರಾಷ್ಟ್ರದಲ್ಲಿ ಹೊಲ. ಜನ ಸುತ್ತು ಹಾಕುತ್ತಾರೆಯೇ? ಬಾಂದಾರವೇ ಸೇತುವೆ. ಎರಡು ರಾಜ್ಯಗಳ ನಡುವೆ ಗಡಿಯ ವ್ಯಾಜ್ಯ ಎಷ್ಟೇ ಇರಲಿ, ಆ ಬಾಂದಾರದ ಅಂಚಿಗೆ ಕಬ್ಬಿಣದ ಕಟಕಟೆ ಹಚ್ಚುವ ವ್ಯಾಜ್ಯಕ್ಕೆ ಮಾತ್ರ ಯಾರೂ ವಕೀಲರನ್ನು ಇಟ್ಟಿಲ್ಲ.

2016ರ ಆಗಸ್ಟ್ 2ರ ರಾತ್ರಿ ಮಹಾಡದ ಹತ್ತಿರ ಸಾವಿತ್ರಿ ನದಿಯ ಮೇಲಿನ ಬ್ರಿಟಿಷರ ಕಾಲದ ಕಲ್ಲಿನ ಸೇತುವೆ ಕುಸಿಯಿತು. ಎರಡು ಎಸ್.ಟಿ. ಬಸ್ಸುಗಳು ಕತ್ತಲಲ್ಲಿ ನೇರ ನದಿಗೆ ಹೋದವು. ಹೊಸ ಸೇತುವೆ 165 ದಿನದಲ್ಲಿ ಎದ್ದಿತು. ಮನಸ್ಸು ಮಾಡಿದರೆ ನಮ್ಮವರಿಗೆ ಆಗುತ್ತದೆ. ಮನಸ್ಸು ಮಾಡಲು ಬಸ್ಸು ಮುಳುಗಬೇಕು, ಅಷ್ಟೇ. 2024ರ ಆಗಸ್ಟ್ 7ರಂದು ಕಾರವಾರದ ಕಾಳಿ ಸೇತುವೆ ಬಿತ್ತು. ಅದರೊಂದಿಗೆ ನದಿಗೆ ಬಿದ್ದ ಲಾರಿಯ ಚಾಲಕ ಬದುಕಿ ಉಳಿದ. 2025ರ ಜುಲೈ 9ರಂದು ಗುಜರಾತಿನ ಗಂಭೀರಾ ಸೇತುವೆ ಬಿದ್ದು ಕನಿಷ್ಠ 20 ಜನ ಸತ್ತರು. ಕೊನೆಯ ಎರಡು ಬ್ರಿಟಿಷರ ಕಾಲದವಲ್ಲ; ನನ್ನ ಕಣ್ಣೆದುರು ಹುಟ್ಟಿದವು. ಹಳೆಯದು ಬೀಳುತ್ತದೆ, ಸಿಮೆಂಟಿನದು ಬೀಳುವುದಿಲ್ಲ ಎಂಬ ನಂಬಿಕೆ ಬಿಡಿ.

ಅಮೆರಿಕದಲ್ಲೂ ಹೀಗೇ ಆಯಿತು. 1967ರ ಡಿಸೆಂಬರ್ 15ರಂದು ಒಹಾಯೊ ನದಿಯ ಮೇಲಿನ ಸಿಲ್ವರ್ ಸೇತುವೆ ಸಂಜೆಯ ದಟ್ಟಣೆಯಲ್ಲಿ ಕುಸಿದು 46 ಜನ ಸತ್ತರು. ಕಾರಣ ಹುಡುಕಿದರೆ ಒಂದು ಕಬ್ಬಿಣದ ಕೊಂಡಿಯಲ್ಲಿ ಎರಡೂವರೆ ಮಿಲಿಮೀಟರ್ ಆಳದ ಬಿರುಕು. ಅದಾದ ಮೇಲೆ 1971ರಲ್ಲಿ ಅಲ್ಲಿ ಸೇತುವೆ ತಪಾಸಣೆಗೆ ದೇಶಕ್ಕೆಲ್ಲ ಒಂದೇ ನಿಯಮ ಬಂತು, ಎರಡು ವರ್ಷಕ್ಕೊಮ್ಮೆ ನೋಡಲೇಬೇಕೆಂದು. ಮೊದಲು ಕೇಂದ್ರದ ನೆರವಿನ ಹೆದ್ದಾರಿಗಳ ಸೇತುವೆಯನ್ನಷ್ಟೇ; 1978ರಲ್ಲಿ ನಮ್ಮ ಜಿಲ್ಲಾ ಪರಿಷತ್ತಿನಂಥ ಕೌಂಟಿಗಳ ಸೇತುವೆಗೂ ಆ ನಿಯಮ ಬಂತು. ನಮ್ಮಲ್ಲೂ ಮಳೆಗಾಲದ ಮುಂಚೆ, ಆಮೇಲೆ ನೋಡುವ ಪದ್ಧತಿ ಇದೆ. ಆದರೆ ನೋಡುವುದೆಂದರೆ ಜೀಪು ನಿಲ್ಲಿಸಿ ಮೇಲಿನಿಂದ ನೋಡುವುದಲ್ಲ. ಸೇತುವೆಯ ಆಯುಷ್ಯ ಇರುವುದು ಬುಡದಲ್ಲಿ. ನೀರು ಕಂಬದ ಬುಡದ ಮಣ್ಣು ತೋಡುತ್ತದೆ. ಮೇಲಿನ ರಸ್ತೆ ನೆಟ್ಟಗೇ ಇರುತ್ತದೆ, ಬೀಳುವ ಗಳಿಗೆಯವರೆಗೂ. ಕಂಬದ ಹತ್ತಿರವೇ ಉಸುಕು ಎತ್ತಿದರೆ ನದಿಯ ಕೆಲಸ ನಾವೇ ಮಾಡಿಕೊಟ್ಟಂತೆ. ರಾತ್ರಿ ಯಾರ ಟಿಪ್ಪರ್ ಓಡುತ್ತದೆಂದು ಈ ಸಭೆಯಲ್ಲಿ ಕೇಳುವುದಿಲ್ಲ. ಕೇಳಿದರೆ ಮುಂದಿನ ಸಾಲಿನ ಎರಡು ಕುರ್ಚಿ ಖಾಲಿಯಾದಾವು.

ಇನ್ನೊಂದು ಶತ್ರು ಅರಳಿ ಸಸಿ. ಕಲ್ಲಿನ ಸಂದಿಯಲ್ಲಿ ಬೆರಳುದ್ದ ಇರುವಾಗ ಕಿತ್ತರೆ ಮುಗಿಯಿತು. ಅರಳಿಗೆ ಕೊಡಲಿ ಹಾಕಬಾರದು ಎಂದು ಬಿಡುತ್ತೇವೆ. ಹತ್ತು ವರ್ಷದಲ್ಲಿ ಅದರ ಬೇರು ಗೋಡೆಯನ್ನು ಸೀಳುತ್ತದೆ. ಅದನ್ನು ಕಿತ್ತು ಗುಡಿಯ ಕಟ್ಟೆಯಲ್ಲಿ ನೆಡಿ, ದೇವರು ಸಿಟ್ಟಾಗುವುದಿಲ್ಲ.

ಹಿಂದಿನ ಸಾಲಿನಲ್ಲಿ ಬೇಕಂತಲೇ ಕೂತಿರುವ ಟ್ರ್ಯಾಕ್ಟರ್ ಚಾಲಕ ತಮ್ಮಂದಿರೇ, ಈಗ ನಿಮ್ಮ ಪಾಳಿ. ಕಬ್ಬಿನ ಸೀಸನ್ ಶುರುವಾದರೆ ರಾತ್ರಿಯಿಡೀ ನಿಮ್ಮ ಗಾಡಿ. ಹಿಂದಿನ ಟ್ರಾಲಿಗೆ ದೀಪವಿಲ್ಲ, ಕಬ್ಬು ಎರಡೂ ಬದಿಗೆ ಚಾಚಿದೆ, ಟಾಯರ್ ಒಡೆದರೆ ರಸ್ತೆ ನಡುವೆಯೇ ನಿಲ್ಲಿಸಿ ಊಟಕ್ಕೆ ಹೋಗುತ್ತೀರಿ. ಹಿಂದೆ ಬರುವ ಬೈಕಿನವನಿಗೆ ಕಾಣುವುದು ಕತ್ತಲೆಯೊಳಗೊಂದು ಕತ್ತಲೆ. ಕೆಂಪು ರಿಫ್ಲೆಕ್ಟರ್ ಪಟ್ಟಿ ಒಂದು ಚಹಾ-ಭಜಿಯ ಖರ್ಚಿನದು. ಸಕ್ಕರೆ ಕಾರ್ಖಾನೆಯವರು ಕಾಟಾಕ್ಕೆ ಬಂದ ಗಾಡಿಗೆ ಪಟ್ಟಿ ಇಲ್ಲದಿದ್ದರೆ ತೂಕ ಮಾಡುವುದಿಲ್ಲ ಎಂದುಬಿಟ್ಟರೆ ಒಂದೇ ವಾರದಲ್ಲಿ ಎಲ್ಲ ಟ್ರಾಲಿ ಹೊಳೆಯುತ್ತವೆ. ಇದನ್ನು ಅವರ ಮುಂದೆ ಗಟ್ಟಿಯಾಗಿ ಹೇಳಬೇಕು.

ಸ್ಪೀಡ್ ಬ್ರೇಕರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಹೇಳಿದ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ನಿಧಾನ ಏರಿ ನಿಧಾನ ಇಳಿಯಬೇಕು. ನಾವು ಉಳಿದ ಡಾಂಬರಿನಲ್ಲಿ ರಾತ್ರೋರಾತ್ರಿ ಕಟ್ಟುವುದು ಗೋಡೆ. ಬಣ್ಣವಿಲ್ಲ, ಫಲಕವಿಲ್ಲ. ಬೈಕಿನ ಹಿಂದೆ ಕೂತ ಬಾಣಂತಿ ಮೇಲೆ ಹಾರಿ ಬೀಳುತ್ತಾಳೆ.

ಕಾಯ್ದೆ ನಮ್ಮ ಕಡೆ ಇದೆ. 2019ರ ಮೋಟಾರು ವಾಹನ ತಿದ್ದುಪಡಿಯ 198ಎ ಕಲಮಿನ ಪ್ರಕಾರ ರಸ್ತೆ ಕಟ್ಟುವುದರಲ್ಲಿ, ಕಾಯುವುದರಲ್ಲಿ ಸುರಕ್ಷತೆಯ ಮಾನದಂಡ ಪಾಲಿಸದೆ ಸಾವು-ನೋವಾದರೆ ಹೊಣೆಯಾದವರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಗುತ್ತಿಗೆದಾರನಿಗೆ ಅದು ಮಗನ ಹುಟ್ಟುಹಬ್ಬದ ಖರ್ಚು, ಆದರೂ ಕಲಮು ಇದೆ, ಬಳಸಿ. ಅದೇ ತಿದ್ದುಪಡಿಯ 134ಎ, ಬಿದ್ದವನನ್ನು ಎತ್ತಿ ದವಾಖಾನೆಗೆ ಒಯ್ದವನ ಮೇಲೆ ಕೇಸು ಹಾಕಬಾರದು ಎನ್ನುತ್ತದೆ. ಪೊಲೀಸರ ಭಯಕ್ಕೆ ಗಾಡಿ ನಿಲ್ಲಿಸದೆ ಹೋಗುವವರು ಇದನ್ನು ನೆನಪಿಡಿ. ನನ್ನ ಹಾಲಿನವನನ್ನು ದಾಟಿ ಆ ನಸುಕಿನಲ್ಲಿ ಎಷ್ಟು ಗಾಡಿ ಹೋದವೋ.

ನಾನು ಕೇಳುವುದು ಇಷ್ಟು. ಪಂಚಾಯಿತಿಗೊಬ್ಬ ಮೈಲಕೂಲಿ ಬೇಕು. ಸರಕಾರ ಕೊಡುವವರೆಗೆ ನಾವೇ ಇಡೋಣ. ಗಂಡಸೇ ಆಗಬೇಕೆಂದಿಲ್ಲ, ಖಡಿ ಒಡೆದ ತಾಯಂದಿರ ಮಕ್ಕಳು ನಾವು. ಅವರ ಕೈಯಲ್ಲಿ ಒಂದು ವಹಿ. ಅದರಲ್ಲಿ ಒಂದೇ ದೋಷವನ್ನು ಎರಡನೆಯ ಸಲ ಬರೆಯುವಂತಿಲ್ಲ. ಎರಡನೆಯ ಸಲ ಬರೆಯುವ ಹೊತ್ತು ಬಂದರೆ ಗ್ರಾಮಸಭೆ ಕರೆಯಬೇಕು. ರೋಹಿಣಿ ಮಳೆಗೆ ಇನ್ನು ಕೆಲವೇ ದಿನ.

ನಿನ್ನೆ ಸಂಜೆ ಬರುವಾಗ ದಾರಿಯಲ್ಲಿ ಒಂದು ಮೋರಿ ನೋಡಿದೆ. ಬಾಯಿಗೆ ತೊಗರಿ ಕಟ್ಟಿಗೆ, ಪ್ಲಾಸ್ಟಿಕ್ ಚೀಲ, ಯಾರದೋ ಹಳೆಯ ಚಪ್ಪಲಿ. ತಿರುವಿಗೆ ಬಳ್ಳಾರಿ ಜಾಲಿ ಬಾಗಿದೆ, ಎದುರು ಬರುವವರು ಕಾಣುವುದಿಲ್ಲ. ಬಲಬದಿಗೆ ಒಂದು ಕಲ್ಲು ಇಲ್ಲ. ನಾಲ್ಕು ಸಲಿಕೆ, ಎರಡು ಕೊಡಲಿ, ಒಂದು ಡಬ್ಬಿ ಸುಣ್ಣ ತಂದಿಡಲು ಸರಪಂಚರಿಗೆ ಹೇಳಿದ್ದೇನೆ. ಕಲ್ಲು ನನ್ನ ಹೊಲದ್ದು, ಟೆಂಪೋದಲ್ಲಿ ತಂದಿದ್ದೇನೆ. ಐದು ಗಂಟೆಗೆ ಬಿಸಿಲು ಇಳಿಯುತ್ತದೆ. ಚಹಾ ಕುಡಿದು ಹೊರಡೋಣ.