ಲೋಡರಿನ ಹಲ್ಲು: ಬಲವೂ ಸಮತೋಲವೂ



ಬೇಸಿಗೆಯ ಬಿಸಿಲಿಗೆ ಒಣಗಿ ಗಟ್ಟಿಯಾದ ನೆಲವನ್ನು ಅಗೆಯಬೇಕಾಗಿದೆ ಎಂದುಕೊಳ್ಳಿ. ನಿಮ್ಮ ಮುಂದೆ ಪಿಕಾಸಿ ಮತ್ತು ಸಲಿಕೆ ಎರಡೂ ಇವೆ. ಯಾವುದನ್ನು ಮೊದಲು ಕೈಗೆತ್ತಿಕೊಳ್ಳುತ್ತೀರಿ? ಪಿಕಾಸಿಯಿಂದ ನೆಲವನ್ನು ಸಡಿಲಗೊಳಿಸಿ, ಅನಂತರ ಸಲಿಕೆಯಿಂದ ಮಣ್ಣು ಬಾಚುವುದು ರೂಢಿ. ಈ ಎರಡು ಕೆಲಸಗಳನ್ನೂ ಒಂದೇ ಸಾಧನ ಮಾಡುವಂತೆ ರೂಪಿಸಿದರೆ, ಅದೇ ಹಲ್ಲುಗಳುಳ್ಳ ಬಕೆಟ್. ಸಣ್ಣ ಟ್ರ್ಯಾಕ್ಟರಿನ ಮುಂಭಾಗದ ಲೋಡರಿಗೆ ಜೋಡಿಸಿದಾಗ ಅದು ಹೇಗೆ ಕೆಲಸ ಮಾಡುತ್ತದೆ, ಬಳಸುವವರಿಗೆ ಯಾವ ಎಚ್ಚರ ಬೇಕು ಎಂಬುದನ್ನು ಇಂದು ನೋಡೋಣ.

ಲೋಡರ್ ಎಂದರೆ ಟ್ರ್ಯಾಕ್ಟರಿನ ಎರಡೂ ಬದಿಯಿಂದ ಮುಂದಕ್ಕೆ ಚಾಚಿದ ಎರಡು ಉಕ್ಕಿನ ತೋಳುಗಳು. ಅವುಗಳ ತುದಿಯಲ್ಲಿ ಬಕೆಟ್ ಇರುತ್ತದೆ. ತೋಳುಗಳನ್ನು ಎತ್ತಿ ಇಳಿಸಲು ಮತ್ತು ಬಕೆಟ್ಟನ್ನು ಮಡಿಸಿ ಬಿಡಿಸಲು ಹೈಡ್ರಾಲಿಕ್ ಸಿಲಿಂಡರುಗಳಿವೆ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂಬ ಪಾಸ್ಕಲನ ನಿಯಮವನ್ನು ನೀವು ಓದಿದ್ದೀರಿ. ಇಲ್ಲಿ ಅದೇ ನಿಯಮ ಎಣ್ಣೆಯ ಮೂಲಕ ಮಣ್ಣನ್ನು ಎತ್ತುತ್ತದೆ.

ಈಗ ಹಲ್ಲಿನ ವಿಚಾರ. ಹಲ್ಲು ಹೊಸ ಬಲವನ್ನು ಹುಟ್ಟಿಸುವುದಿಲ್ಲ. ಇರುವ ಬಲವನ್ನು ಒಂದೆಡೆ ಸೇರಿಸುತ್ತದೆ, ಅಷ್ಟೆ. ಒಂದು ಲೆಕ್ಕ ಮಾಡೋಣ. ಬಕೆಟ್ಟಿನ ಅಗಲ 150 ಸೆಂಟಿಮೀಟರ್, ಅದರ ಅಂಚಿನ ದಪ್ಪ 1 ಸೆಂಟಿಮೀಟರ್ ಇರಲಿ. ಆಗ ನೆಲಕ್ಕೆ ತಾಗುವ ವಿಸ್ತೀರ್ಣ 150 ಚದರ ಸೆಂಟಿಮೀಟರ್. ಟ್ರ್ಯಾಕ್ಟರ್ 600 ಕಿಲೋಗ್ರಾಂ ತೂಕದಷ್ಟು ಬಲದಿಂದ ತಳ್ಳಿದರೆ, ಪ್ರತಿ ಚದರ ಸೆಂಟಿಮೀಟರಿಗೆ ಬೀಳುವ ಒತ್ತಡ 4 ಕಿಲೋಗ್ರಾಂ. ಈಗ ಅದೇ ಅಂಚಿಗೆ ಆರು ಹಲ್ಲುಗಳನ್ನು ಜೋಡಿಸಿ. ಒಂದೊಂದರ ತುದಿ ಎರಡೂವರೆ ಚದರ ಸೆಂಟಿಮೀಟರ್ ಎಂದರೆ ಒಟ್ಟು 15 ಚದರ ಸೆಂಟಿಮೀಟರ್ ಆಯಿತು. ಒತ್ತಡ 40 ಕಿಲೋಗ್ರಾಮಿಗೆ ಏರಿತು! ಎಂಜಿನ್ ಅದೇ, ಡೀಸೆಲ್ ಅದೇ. ಒತ್ತಡ ಮಾತ್ರ ಹತ್ತು ಪಟ್ಟು. ಹಲ್ಲುಗಳು ಮೊದಲು ನೆಲದೊಳಗೆ ಇಳಿದು ಬಿರುಕು ಮೂಡಿಸುತ್ತವೆ. ಬಿರುಕುಗಳು ಒಂದನ್ನೊಂದು ಕೂಡಿಕೊಂಡಾಗ ನಡುವಿನ ಮಣ್ಣು ಹೆಂಟೆಯಾಗಿ ಕಳಚುತ್ತದೆ. ಸವೆದು ಮೊಂಡಾದ ಹಲ್ಲಿನ ತುದಿ ಅಗಲವಾಗುವುದರಿಂದ ಈ ಲಾಭ ಕುಗ್ಗುತ್ತದೆ. ಆದ್ದರಿಂದಲೇ ಹಲ್ಲುಗಳನ್ನು ಬದಲಾಯಿಸಲು ಬರುವಂತೆ ಮಾಡಿರುತ್ತಾರೆ.

ಅಗೆಯುವ ಕ್ರಮವೂ ಸರಳ. ಬಕೆಟ್ಟನ್ನು ನೆಲಕ್ಕೆ ಇಳಿಸಿ, ಹಲ್ಲುಗಳನ್ನು ಸ್ವಲ್ಪವೇ ಕೆಳಮುಖ ಮಾಡಿ, ಕಡಿಮೆ ಗೇರಿನಲ್ಲಿ ನಿಧಾನವಾಗಿ ಮುಂದಕ್ಕೆ ಚಲಿಸಬೇಕು. ಹಲ್ಲು ಒಳಹೊಕ್ಕ ಮೇಲೆ ಬಕೆಟ್ಟನ್ನು ಹಿಂದಕ್ಕೆ ಮಡಿಸುತ್ತಾ ಎತ್ತಬೇಕು. ಒಮ್ಮೆಗೇ ಆಳಕ್ಕೆ ಹೋಗದೆ ತೆಳುವಾದ ಪದರಗಳಾಗಿ ಮಣ್ಣು ತೆಗೆಯುವುದೇ ಜಾಣತನ. ದೂರದಿಂದ ವೇಗವಾಗಿ ಬಂದು ಗುದ್ದುವುದು ಸಲ್ಲದು. ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಮಣ್ಣಿನಲ್ಲಿ ಹುದುಗಿದ ಬಂಡೆಯೋ ಬೇರೋ ಎದುರಾದರೆ ಆ ಹೊಡೆತವನ್ನೆಲ್ಲ ತೋಳುಗಳು ತಾಳಬೇಕು. ಬಕೆಟ್ಟಿನ ಒಂದು ಮೂಲೆಯಿಂದಷ್ಟೇ ಬಂಡೆ ಮೀಟಿದರೆ ತೋಳುಗಳು ತಿರುಚಿಕೊಳ್ಳುತ್ತವೆ. ಇನ್ನು ಅಂಗಳ ಮಟ್ಟಮಾಡುವುದು, ಕಾಂಕ್ರೀಟ್ ನೆಲದ ಮೇಲಿನ ಗೊಬ್ಬರ ಬಾಚುವುದು ಮುಂತಾದ ಕೆಲಸಗಳಿಗೆ ಹಲ್ಲು ತೊಡಕೇ ಸರಿ. ಅದು ಗೀರುಗಳನ್ನು ಉಳಿಸುತ್ತದೆ. ಅಲ್ಲಿ ನಯವಾದ ಅಂಚೇ ಮೇಲು.

ಹಲ್ಲಿನಿಂದಾಗಿ ಬಕೆಟ್ ಬೇಗ ತುಂಬುತ್ತದೆ. ಅಪಾಯ ಶುರುವಾಗುವುದೂ ಅಲ್ಲಿಯೇ. ಭಾರ ಇರುವುದು ಮುಂದಿನ ಗಾಲಿಗಳಿಗಿಂತಲೂ ಮುಂದೆ. ಆಗ ಟ್ರ್ಯಾಕ್ಟರ್ ಒಂದು ಸನ್ನೆಯಾಗುತ್ತದೆ. ಮುಂದಿನ ಅಚ್ಚು ಅದರ ಆನಿಕೆ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ 1.6 ಮೀಟರ್ ಅಂತರವಿದ್ದು, ಬಕೆಟ್ಟಿನಲ್ಲಿ 300 ಕಿಲೋಗ್ರಾಂ ಮಣ್ಣು ಮುಂದಿನ ಅಚ್ಚಿನಿಂದ 1.2 ಮೀಟರ್ ಮುಂದಿದ್ದರೆ, ಹಿಂದಿನ ಗಾಲಿಗಳ ಮೇಲಿನ ಭಾರದಲ್ಲಿ 225 ಕಿಲೋಗ್ರಾಂ ಕಡಿಮೆಯಾಗುತ್ತದೆ. ಮುಂದಿನ ಅಚ್ಚಿನ ಮೇಲೆ 525 ಕಿಲೋಗ್ರಾಂ ಹೆಚ್ಚುತ್ತದೆ. ಬಹುತೇಕ ಟ್ರ್ಯಾಕ್ಟರುಗಳಲ್ಲಿ ಬ್ರೇಕ್ ಇರುವುದು ಹಿಂದಿನ ಗಾಲಿಗಳಿಗೆ. ಅವೇ ಹಗುರವಾದರೆ ಬ್ರೇಕ್ ಒತ್ತಿ ಪ್ರಯೋಜನವೇನು?

ಇದಕ್ಕೆ ಪರಿಹಾರವನ್ನು ನಮ್ಮ ಹಿರಿಯರ ಏತದಲ್ಲಿಯೇ ಕಾಣಬಹುದು. ನೀರೆತ್ತುವ ತೊಲೆಯ ಹಿಂತುದಿಗೆ ಕಲ್ಲು ಕಟ್ಟುತ್ತಿದ್ದರಲ್ಲವೇ? ಹಾಗೆಯೇ ಟ್ರ್ಯಾಕ್ಟರಿನ ಹಿಂಭಾಗಕ್ಕೂ ಭಾರ ಜೋಡಿಸಬೇಕು. ಹಿಂದಿನ ಅಚ್ಚಿನಿಂದ 0.8 ಮೀಟರ್ ಹಿಂದೆ 200 ಕಿಲೋಗ್ರಾಂ ಕಟ್ಟಿದರೆ, ಹಿಂದಿನ ಗಾಲಿಗಳಿಗೆ 300 ಕಿಲೋಗ್ರಾಂ ಸೇರುತ್ತದೆ. ಮುಂದಿನ ಅಚ್ಚಿನ ಹೊರೆ 100 ಕಿಲೋಗ್ರಾಂ ಇಳಿಯುತ್ತದೆ.

ಇನ್ನೊಂದು ಮಾತು. ಉಬ್ಬು ತಗ್ಗುಗಳಿಗೆ ಹೊಂದಿಕೊಳ್ಳಲೆಂದು ಟ್ರ್ಯಾಕ್ಟರಿನ ಮುಂದಿನ ಅಚ್ಚು ನಡುವಿನ ಒಂದು ಪಿನ್ನಿನ ಮೇಲೆ ತೂಗಾಡುತ್ತದೆ. ಆದ್ದರಿಂದ ನಾಲ್ಕು ಗಾಲಿಗಳಿದ್ದರೂ ಟ್ರ್ಯಾಕ್ಟರ್ ಮೂರು ಕಾಲಿನ ಮಣೆಯಂತೆ ನಿಂತಿರುತ್ತದೆ. ತುಂಬಿದ ಬಕೆಟ್ಟನ್ನು ಎತ್ತರಕ್ಕೆ ಎತ್ತಿಕೊಂಡು ಓಡಿಸಿದರೆ ಗುರುತ್ವ ಕೇಂದ್ರ ಮೇಲೇರುತ್ತದೆ; ಒಂದು ಗಾಲಿ ಗುಂಡಿಗೆ ಇಳಿದರೂ ಸಾಕು, ಟ್ರ್ಯಾಕ್ಟರ್ ಪಕ್ಕಕ್ಕೆ ಮಗುಚಬಹುದು. ಸಾಗಿಸುವಾಗ ಬಕೆಟ್ ನೆಲಕ್ಕೆ ಸಮೀಪವಾಗಿರಬೇಕು. ಇಳಿಜಾರಿಗೆ ಅಡ್ಡಲಾಗಿ ಹೋಗಬಾರದು. ಚಾಲಕನ ಸುತ್ತ ರಕ್ಷಣಾ ಚೌಕಟ್ಟು ಇದ್ದರೆ ಸೀಟ್ ಬೆಲ್ಟ್ ಕಟ್ಟಿಕೊಳ್ಳಲೇಬೇಕು. ಬೆಲ್ಟ್ ಇಲ್ಲದವನನ್ನು ಆ ಚೌಕಟ್ಟು ಕಾಪಾಡಲಾರದು.

ನಿಮ್ಮಲ್ಲಿ ಅನೇಕರ ಮನೆಯಲ್ಲಿಯೋ ನೆರೆಯಲ್ಲಿಯೋ ಟ್ರ್ಯಾಕ್ಟರ್ ಇರಬಹುದು. ಮಡ್‌ಗಾರ್ಡಿನ ಮೇಲೆ ಕುಳಿತು ಹೋಗುವುದು, ಬಕೆಟ್ಟಿನಲ್ಲಿ ನಿಂತು ಮಾವಿನಕಾಯಿ ಕೀಳುವುದು ಎಷ್ಟೋ ಮಕ್ಕಳಿಗೆ ಆಟ. ಆ ಆಟ ಬೇಡ. ಎತ್ತಿದ ಬಕೆಟ್ಟಿನ ಕೆಳಗೂ ನಿಲ್ಲಬೇಡಿ. ಎಣ್ಣೆಯ ಒಂದು ಕೊಳವೆ ಒಡೆದರೆ ಸಾಕು, ಅದು ಕೆಳಗೆ ಬೀಳುತ್ತದೆ. 18 ವರ್ಷ ತುಂಬಿ ಪರವಾನಗಿ ಪಡೆಯುವವರೆಗೆ ರಸ್ತೆಯಲ್ಲಿ ಟ್ರ್ಯಾಕ್ಟರ್ ನಡೆಸುವಂತಿಲ್ಲ ಎಂಬುದನ್ನೂ ಮರೆಯದಿರಿ.

ಕೊನೆಯದಾಗಿ ಒಂದು ಪ್ರಯೋಗ. ಹದವಾದ ಜೇಡಿಮಣ್ಣಿನ ಎರಡು ಮುದ್ದೆ ಮಾಡಿ. ಒಂದಕ್ಕೆ ಮರದ ಸ್ಕೇಲಿನ ಅಂಚನ್ನೂ ಇನ್ನೊಂದಕ್ಕೆ ಹಳೆಯ ಬಾಚಣಿಗೆಯ ಹಲ್ಲುಗಳನ್ನೂ ಒತ್ತಿ ನೋಡಿ. ಯಾವುದು ಸುಲಭವಾಗಿ ಇಳಿಯುತ್ತದೆ? ಪಠ್ಯಪುಸ್ತಕದ ಒತ್ತಡದ ಪಾಠ ಆಗ ನಿಮ್ಮ ಬೆರಳಿಗೇ ತಿಳಿಯುತ್ತದೆ. ಸನ್ನೆಯ ಪಾಠವನ್ನೂ ಅಷ್ಟೇ ಚೆನ್ನಾಗಿ ಕಲಿತು, ಮನೆಯಲ್ಲಿ ಟ್ರ್ಯಾಕ್ಟರ್ ನಡೆಸುವವರಿಗೆ ಹೇಳಿ. ಹಿಂದೆ ಭಾರ ಕಟ್ಟಿದ್ದಾರೆಯೇ ಎಂದು ನೀವು ಕೇಳುವ ಒಂದು ಪ್ರಶ್ನೆ ಒಂದು ಜೀವವನ್ನು ಉಳಿಸೀತು.